ಮನೆಯ ಭಾರ ಹೊತ್ತಿರುವುದು ಯಾವ ಕಂಬ?

ಹಳೆಯ ಮನೆಗೆ ಹೋದಾಗ ಜನ ಮೊದಲು ಬಾಗಿಲಿನ ಕೆತ್ತನೆ ನೋಡುತ್ತಾರೆ. ನಾನು ತಲೆ ಎತ್ತಿ ಜಂತೆ ನೋಡುತ್ತೇನೆ. ಬಾಗಿಲನ್ನು ಯಾವ ಕಾಲದಲ್ಲಾದರೂ ಕಿತ್ತು ಬೇರೆ ಹಾಕಿರಬಹುದು. ಇನ್ನೊಂದು ಊರಿನಿಂದ ತಂದು ಕೂರಿಸಿರಲೂಬಹುದು. ಆದರೆ ಕಂಬ, ಕಂಬದ ತಲೆಯ ಮೇಲಿನ ಬೋದಿಗೆ, ಬೋದಿಗೆಯ ಮೇಲೆ ಮಲಗಿದ ತೊಲೆ, ತೊಲೆಯ ಮೇಲೆ ಸಾಲಾಗಿ ಕೂತ ಜಂತೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಒಂದಕ್ಕೆ ಕೈ ಹಾಕಿದರೆ ಪಕ್ಕದ್ದರಲ್ಲಿ ಗುರುತು ಉಳಿದೇ ಉಳಿಯುತ್ತದೆ. ಖಾಲಿ ಗೂಡು, ಅರ್ಧ ಕೊಯ್ದ ತುದಿ, ಕಾರಣವೇ ಇಲ್ಲದೆ ನಿಂತಂತೆ ಕಾಣುವ ಒಂದು ಮರದ ಗೂಟ. ಸುಣ್ಣ ಬಳಿದು ಗೋಡೆಯನ್ನು ಹೊಸದು ಮಾಡಬಹುದು. ಮರದ ಮೇಲಿನ ಈ ಗುರುತು ಹೋಗುವುದಿಲ್ಲ.

ನಮ್ಮ ಸೋದರಮಾವನ ಮನೆ ಬೆಂಗಳೂರಿನ ಕಬ್ಬನ್ ಪೇಟೆಯಲ್ಲಿದೆ. ಮುಂಭಾಗ ಕಿರಿದು, ಒಳಗೆ ಉದ್ದಕ್ಕೆ ಹೋಗುವ ಮನೆ. ಎರಡೂ ಪಕ್ಕದಲ್ಲಿ ನೆರೆಮನೆಗೆ ಅಂಟಿದ ದಪ್ಪ ಮಣ್ಣಿನ ಗೋಡೆ. ಮುಂದೆ ಜಗಲಿ, ಆಮೇಲೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಹಿಂದೆ ಅಡುಗೆಮನೆ, ಮೇಲೆ ಅಟ್ಟ. ಕೆಂಪೇಗೌಡರು 1537ರಲ್ಲಿ ಪೇಟೆಗೆ ಅಡಿಪಾಯ ಹಾಕಿದ ಮೇಲೆ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ ಅಂತ ಕಸುಬಿನ ಹೆಸರಿನ ಬೀದಿಗಳು ಬೆಳೆದವಲ್ಲ, ಅಲ್ಲಿನ ಮನೆಗಳೂ ಕಸುಬಿಗೆ ತಕ್ಕ ಹಾಗೆಯೇ ಕಟ್ಟಿದವು. ಕೆಲಸ ಮತ್ತು ಸಂಸಾರ ಎರಡೂ ಒಂದೇ ಸೂರಿನಡಿ. ಕಬ್ಬನ್ ಪೇಟೆ ನೇಕಾರರ ಪೇಟೆ. ಮಾವನ ಮನೆಯಲ್ಲೂ ಮಗ್ಗ ಇತ್ತು.

ಈ ಮನೆಗೆ ಮೂರು ಶತಮಾನದ ಕೈ ತಾಗಿದೆ. ಹತ್ತೊಂಬತ್ತನೆಯದು, ಇಪ್ಪತ್ತನೆಯದು, ಈಗಿನದು. ಯಾರೂ ಮನೆಯನ್ನು ಹಾಗೇ ಬಿಟ್ಟಿಲ್ಲ. ನನಗೆ ಅದೇ ಇಷ್ಟ. "ಮೂಲ ರೂಪ ಹಾಳಾಗಿದೆ" ಅಂತ ಕೊರಗುವವರನ್ನು ಕಂಡರೆ ನನಗೆ ಬೇಸರ ಆಗುತ್ತದೆ. ಮರದ ಕಟ್ಟಿನ ಮನೆಯನ್ನು ಕಟ್ಟುವಾಗಲೇ ಮುಂದೆ ಬದಲಿಸಲು ಜಾಗ ಬಿಟ್ಟಿರುತ್ತಾರೆ. ಪಕ್ಕದ ದಪ್ಪ ಗೋಡೆಗಳು ಒಂದಿಷ್ಟು ಭಾರ ಹೊರುತ್ತವೆ, ನಿಜ. ಆದರೆ ನಡುವಿನ ಭಾರ ಪೂರ್ತಿ ಕಂಬಗಳ ಮೇಲೆ. ಒಳಗಿನ ತೆಳು ಗೋಡೆಗಳು ಬರೀ ಮರೆ. ಮಗನಿಗೆ ಮದುವೆ ಆಯಿತು, ಒಂದು ಕೋಣೆ ಬೇಕು, ಎರಡು ಕಂಬದ ನಡುವೆ ಗೋಡೆ ಎಬ್ಬಿಸಿದರು. ಮಗ ಬೇರೆ ಹೋದ, ಗೋಡೆ ತೆಗೆದರು. ಮನೆಗೆ ಏನೂ ಆಗಲಿಲ್ಲ. ಇಟ್ಟಿಗೆಯ ಗೋಡೆಯೇ ಭಾರ ಹೊರುವ ಮನೆಯಲ್ಲಿ ಇಷ್ಟು ಸಲೀಸಾಗಿ ಇದನ್ನು ಮಾಡಲು ಆಗುವುದಿಲ್ಲ.

ಕಂಟೋನ್ಮೆಂಟ್ ಬಂಗಲೆಗಳ ಕಿಟಕಿಯ ಮೇಲೆ ಮರದ ಪಟ್ಟಿಯ ಚೂಪು ಟೊಪ್ಪಿಗೆಗಳು ಇರುತ್ತವಲ್ಲ, ಮಂಕಿ ಟಾಪ್ ಅಂತಾರೆ. ಬೆಂಗಳೂರಿನ ಮರದ ಮನೆ ಅಂದರೆ ಬಹಳ ಜನಕ್ಕೆ ಅದೇ ನೆನಪಾಗುತ್ತದೆ. ನೋಡಲು ಚಂದ. ಆದರೆ ಅಲ್ಲಿ ಮರ ಇರುವುದು ನೆರಳಿಗೆ, ಅಂದಕ್ಕೆ. ಭಾರ ಹೊರುವುದು ಗೋಡೆ. ನಾನು ಹೇಳುತ್ತಿರುವುದು ಮರವೇ ಬೆನ್ನೆಲುಬಾದ ಮನೆಗಳ ವಿಷಯ.

ಇಂಥ ಕಟ್ಟಡದ ದೊಡ್ಡ ಉದಾಹರಣೆ ನಮ್ಮ ಊರಲ್ಲೇ ಇದೆ. ಕೆ.ಆರ್. ಮಾರ್ಕೆಟ್ ಹತ್ತಿರ, ಕೋಟೆ ವೆಂಕಟರಮಣ ಗುಡಿಯ ಪಕ್ಕದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ 1781ರಲ್ಲಿ ಶುರು ಮಾಡಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಎರಡು ಅಂತಸ್ತು, ಹೆಚ್ಚಾಗಿ ತೇಗದ ಮರ. ಮುಂದಿನ ಕಂಬಗಳು ಕೆಳಗಿನಿಂದ ಮೇಲಿನ ಸೂರಿನವರೆಗೆ ಎದ್ದು ನಿಂತಿವೆ. ಕಂಬದ ಮೈಯಲ್ಲಿ ಉದ್ದುದ್ದ ಗೀರು, ಅಡಿಯಲ್ಲಿ ಕಲ್ಲಿನ ಪೀಠ, ಮೇಲೆ ಎಸಳೆಸಳಾದ ಕಮಾನು. ಮೇಲಂತಸ್ತಿನಲ್ಲಿ ದರ್ಬಾರಿಗೆ ಉಪ್ಪರಿಗೆ, ಮೂಲೆಗಳಲ್ಲಿ ಸಣ್ಣ ಕೋಣೆ. ಗೋಡೆ, ಸೂರುಗಳ ಮೇಲಿನ ಹೂಬಳ್ಳಿಯ ಚಿತ್ತಾರ ಈಗ ಬಹುಪಾಲು ಮಾಸಿದೆ. ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್ ನೋಡಿದವರಿಗೆ ಈ ಕಂಬ, ಕಮಾನು ಎರಡೂ ಪರಿಚಯದವು ಅನ್ನಿಸುತ್ತವೆ.

ಈ ಅರಮನೆ ಅರಮನೆಯಾಗಿದ್ದ ಕಾಲ ತುಂಬ ಚಿಕ್ಕದು. ಕೆಲಸ ಮುಗಿದ 1791ರಲ್ಲೇ, ಮಾರ್ಚ್ ತಿಂಗಳಲ್ಲಿ, ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೇನೆ ಕೋಟೆ ಹಿಡಿಯಿತು. 1799ರಲ್ಲಿ ಟಿಪ್ಪು ತೀರಿಕೊಂಡ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋಯಿತು. ಕಬ್ಬನ್ ಪೇಟೆಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ ಸರ್ಕಾರಿ ಕಚೇರಿ ನಡೆಯುತ್ತಿದ್ದದ್ದು ಇದೇ ತೇಗದ ಹಜಾರದಲ್ಲಿ. 1868ರಲ್ಲಿ ಕಚೇರಿಗಳು ಅಠಾರಾ ಕಚೇರಿಗೆ, ಅಂದರೆ ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡಕ್ಕೆ ಹೋದವು. ಯೋಚನೆ ಮಾಡಿ. ದರ್ಬಾರು ನಡೆದದ್ದಕ್ಕಿಂತ ಜಾಸ್ತಿ ವರ್ಷ ಇಲ್ಲಿ ಗುಮಾಸ್ತರು ಕಡತ ಬರೆದಿದ್ದಾರೆ. ಕಂಬಗಳ ನಡುವೆ ಗೋಡೆಯ ಹಂಗಿಲ್ಲದ ವಿಶಾಲ ಜಾಗ ಇದ್ದದ್ದಕ್ಕೇ ಇದು ಸಾಧ್ಯ ಆಯಿತು ಅಂತ ನನಗನ್ನಿಸುತ್ತದೆ. ಸುತ್ತಲಿನ ಕೋಟೆಯ ಕಲ್ಲಿನ ಗೋಡೆ ಬಹುಪಾಲು ಹೋಯಿತು. ದೆಹಲಿ ಬಾಗಿಲಿನ ಹತ್ತಿರದ ಸ್ವಲ್ಪ ಭಾಗ ಉಳಿದಿದೆ ಅಷ್ಟೆ. ಮರದ ಅರಮನೆ ನಿಂತಿದೆ. ಉಪಯೋಗಕ್ಕೆ ಬಂದದ್ದರಿಂದ ಉಳಿಯಿತು.

ಅಲ್ಲಿಗೆ ಹೋದವರು ಕಂಬದ ಬುಡ ನೋಡದೆ ಬರಬಾರದು. ಮರ ಎಲ್ಲೂ ನೆಲಕ್ಕೆ ತಾಗುವುದಿಲ್ಲ. ನಡುವೆ ಕಲ್ಲು ಇರುತ್ತದೆ. ನೆಲದ ತೇವ ಮರಕ್ಕೆ ಏರಬಾರದು, ಗೆದ್ದಲು ಬಂದರೂ ಅದರ ಮಣ್ಣಿನ ದಾರಿ ಕಲ್ಲಿನ ಮೇಲೆ ಕಣ್ಣಿಗೆ ಬೀಳಬೇಕು. ತೇಗದಲ್ಲೇ ಎಣ್ಣೆಯ ಅಂಶ ಇದೆ, ಗೆದ್ದಲು ಬೇಗ ಹತ್ತಿರ ಬರುವುದಿಲ್ಲ. ಆದರೂ ಕಲ್ಲು ಇಟ್ಟಿದ್ದಾರೆ. ಮಾವನ ಮನೆಯ ಕಂಬಗಳಿಗೂ ಇದೇ ಕ್ರಮ. ಅರಮನೆಗೂ ನೇಕಾರನ ಮನೆಗೂ ಮರದ ಬಡಗಿ ಬೇರೆ ಬೇರೆ ಶಾಸ್ತ್ರ ಬಳಸಲಿಲ್ಲ.

ಬೋದಿಗೆಯನ್ನು ಬಹಳ ಜನ ಅಲಂಕಾರ ಅಂದುಕೊಳ್ಳುತ್ತಾರೆ. ಅದರಲ್ಲಿ ಬಾಳೆಮೊಗ್ಗು, ಗಿಳಿ ಕೆತ್ತಿರುತ್ತಾರೆ, ಅದಕ್ಕೇ ಹಾಗನ್ನಿಸುತ್ತದೆ. ಅದರ ನಿಜವಾದ ಕೆಲಸ ತೊಲೆಗೆ ಎರಡೂ ಕಡೆಯಿಂದ ಕೈ ಚಾಚುವುದು. ಎರಡು ಕಂಬಗಳ ನಡುವೆ ಹತ್ತು ಅಡಿ ಇದ್ದು, ಪ್ರತಿ ಬೋದಿಗೆ ಒಂದೂವರೆ ಅಡಿ ಮುಂದೆ ಚಾಚಿದರೆ, ತೊಲೆ ಆಸರೆ ಇಲ್ಲದೆ ದಾಟಬೇಕಾದದ್ದು ಏಳೇ ಅಡಿ. ಮೂರಡಿ ಉಳಿದದ್ದು ಸಣ್ಣ ಮಾತಲ್ಲ. ಒಂದೇ ತೊಲೆ, ನಡುವೆ ಒಂದೇ ತೂಕ ಅಂತಿಟ್ಟುಕೊಳ್ಳಿ. ಆಸರೆಗಳ ನಡುವಿನ ದೂರ ಎರಡು ಪಟ್ಟಾದರೆ ತೊಲೆ ಬಾಗುವುದು ಎಂಟು ಪಟ್ಟು ಜಾಸ್ತಿ. ಈ ಲೆಕ್ಕ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮಾವನ ಮನೆಯಲ್ಲಿ ಅತ್ಯಂತ ಹಳೆಯದು ತೊಟ್ಟಿಯ ಸುತ್ತಲಿನ ಕಟ್ಟು. ಅಲ್ಲಿನ ತೊಲೆಗಳ ಮೈ ಮುಟ್ಟಿದರೆ ಸಣ್ಣ ಸಣ್ಣ ಹಳ್ಳ ಸಿಗುತ್ತವೆ. ಬಾಚಿಯಿಂದ ಹೊಡೆದು ಹದ ಮಾಡಿದ ಗುರುತು ಅದು. ಪಡಸಾಲೆಯ ಜಂತೆಗಳ ಮೇಲೆ ಹಳ್ಳ ಇಲ್ಲ, ಅಡ್ಡಡ್ಡ ನೇರ ಗೀರುಗಳಿವೆ. ಇಬ್ಬರು ಮೇಲೆ ಕೆಳಗೆ ನಿಂತು ಎಳೆದ ದೊಡ್ಡ ಗರಗಸದ ಕೆಲಸ. ಹಿಂದಿನ ಕೋಣೆಯ ರೀಪುಗಳ, ಅಂದರೆ ಹೆಂಚು ಕೂರುವ ತೆಳು ಪಟ್ಟಿಗಳ ಮೇಲೆ ಕಮಾನಿನ ಹಾಗೆ ಬಾಗಿದ ಗೀರು ಕಾಣುತ್ತದೆ. ಅದು ಯಂತ್ರದ ದುಂಡು ಗರಗಸ. ಕಾಗದ ಪತ್ರ ಏನೂ ಬೇಡ, ಬ್ಯಾಟರಿ ದೀಪವನ್ನು ಮರಕ್ಕೆ ಒತ್ತಿ ಪಕ್ಕದಿಂದ ಬೆಳಕು ಹಾಯಿಸಿದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯುತ್ತದೆ.

ಸೂರು ಮೊದಲು ನಾಡಹೆಂಚಿನದಾಗಿತ್ತು. ಜಂತೆ ಕೂರಿಸಲು ತೊಲೆಯ ಮೇಲೆ ಒತ್ತೊತ್ತಾಗಿ ಕೊರೆದ, ಈಗ ಖಾಲಿ ಇರುವ ಕಚ್ಚುಗಳು ಅದಕ್ಕೆ ಸಾಕ್ಷಿ. ನಾಡಹೆಂಚು ಸಣ್ಣದು, ಅಡಿಯಲ್ಲಿ ಒತ್ತಾದ ಆಸರೆ ಬೇಕು. 1864ರಲ್ಲಿ ಬೆಂಗಳೂರಿಗೆ ರೈಲು ಬಂತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಒಂದರ ಅಂಚಿಗೆ ಇನ್ನೊಂದು ಸಿಕ್ಕಿಕೊಳ್ಳುವ ಆ ಚಪ್ಪಟೆ ಹೆಂಚು ನಿಧಾನವಾಗಿ ಎಲ್ಲ ಕಡೆ ಹರಡಿತು. ಅದಕ್ಕೆ ಸಮ ಅಂತರದ ರೀಪು ಸಾಕು. ಹಾಗಾಗಿ ಮಾವನ ಮನೆಯ ಹಳೆಯ ಜಂತೆಗಳಲ್ಲಿ ಕೆಲವನ್ನು ತೆಗೆದರು, ಮಿಕ್ಕಿದ್ದನ್ನು ದೂರ ದೂರ ಸರಿಸಿದರು. ತೆಗೆದ ಜಂತೆಗಳನ್ನು ಸುಡಲಿಲ್ಲ. ಅಟ್ಟಕ್ಕೆ ಹಾಕಿಕೊಂಡರು. ಅಟ್ಟದಲ್ಲಿ ಅರ್ಥವಿಲ್ಲದ ಕಚ್ಚುಗಳಿರುವ ಮರ ಯಾಕಿದೆ ಅಂತ ಚಿಕ್ಕವರಿದ್ದಾಗ ನಮಗೆ ತಿಳಿಯುತ್ತಿರಲಿಲ್ಲ.

ಹಿತ್ತಿಲ ಕಡೆಗೆ ಆಮೇಲೆ ಸೇರಿದ ಭಾಗಕ್ಕೆ ಮದ್ರಾಸ್ ತಾರಸಿ. ಒತ್ತಾಗಿ ಜಂತೆ ಹಾಕಿ, ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರಿನ ಗಾರೆ ಬಡಿದು, ಕೊನೆಗೆ ಚಪ್ಪಟೆ ಬಿಲ್ಲೆ ಹಾಸುವ ಕೆಲಸ. ಅಲ್ಲಿ ಒಂದು ಕಬ್ಬಿಣದ ಗರ್ಡರ್ ಇದೆ. ಅದರ ಹೊಟ್ಟೆಯ ಮೇಲೆ ಡಾರ್ಮನ್ ಲಾಂಗ್ ಅನ್ನುವ ಇಂಗ್ಲೆಂಡಿನ ಕಂಪನಿಯ ಹೆಸರು ಉಬ್ಬಿದ ಅಕ್ಷರದಲ್ಲಿದೆ. ಟಾಟಾದವರು ಜಮ್‌ಶೆಡ್‌ಪುರದಲ್ಲಿ ಉಕ್ಕು ತಯಾರಿಸಲು ಶುರು ಮಾಡಿದ್ದು 1912ರಲ್ಲಿ. ಅದಕ್ಕೆ ಮೊದಲು ಇಂಥ ಗರ್ಡರ್‌ಗಳು ಹಡಗಿನಲ್ಲೇ ಬರಬೇಕಿತ್ತು. ಆ ಕಂಪನಿಯ ಊರಾದ ಮಿಡಲ್ಸ್‌ಬರೋದ ಕಬ್ಬಿಣ ಕಬ್ಬನ್ ಪೇಟೆಯ ಬಚ್ಚಲುಮನೆ ಹೊತ್ತು ನಿಂತಿದೆ. 1890ರ ದಶಕದಲ್ಲಿ ಹೆಸರಘಟ್ಟದ ನೀರು ನಲ್ಲಿಯಲ್ಲಿ ಊರಿಗೆ ಬಂದ ಮೇಲೆ ಮನೆಯೊಳಗೆ ಬಚ್ಚಲು ಕಟ್ಟುವುದು ಸುಲಭ ಆಯಿತು. ಅದೇ ದಶಕದ ಕೊನೆಗೆ, 1898ರಲ್ಲಿ, ಪ್ಲೇಗು ಬಂತು. ಅನುಕೂಲ ಇದ್ದವರು ಬಸವನಗುಡಿ, ಮಲ್ಲೇಶ್ವರದ ಕಡೆ ಹೋದರು. ಮಗ್ಗ ಬಿಟ್ಟು ಹೋಗಲಾಗದವರು ಪೇಟೆಯಲ್ಲೇ ಉಳಿದು ಮನೆಗೆ ಗಾಳಿ ಬೆಳಕು ಮಾಡಿಕೊಂಡರು. ಪಡಸಾಲೆಯ ಮೇಲಿನ ಗಾಜಿನ ಹೆಂಚು, ಎತ್ತರದ ಗವಾಕ್ಷಿ ಎಲ್ಲ ಆಮೇಲೆ ಸೇರಿದವು.

ಈಗ ಮಾವ ಮಲಗುವ ಕೋಣೆಯ ಸೂರು ಕಪ್ಪಗಿದೆ. ಬಣ್ಣ ಹೊಡೆದದ್ದಲ್ಲ, ಹೊಗೆ. ಒಂದು ಕಾಲದಲ್ಲಿ ಅದೇ ಅಡುಗೆಮನೆಯಾಗಿತ್ತು. ಇಂಗ್ಲೆಂಡಿನಲ್ಲಿ ಓಕ್ ಮರದ ಕಟ್ಟಿನ ಹಳೆಯ ಮನೆಗಳನ್ನು ಅಧ್ಯಯನ ಮಾಡುವವರು ಇಂಥದ್ದೇ ಮಸಿ ಹುಡುಕುತ್ತಾರೆ. ಅಲ್ಲಿ ಮೊದಲು ಹಜಾರದ ನಡುವೆ ನೆಲದ ಮೇಲೆ ಬೆಂಕಿ ಇರುತ್ತಿತ್ತು. ಹೊಗೆ ಸೂರಿಗೆ ಏರುತ್ತಿತ್ತು. ಹದಿನಾರನೇ ಶತಮಾನದ ಹೊತ್ತಿಗೆ ಚಿಮಣಿ ಬಂತು, ಹಜಾರದ ನಡುವೆ ಮಹಡಿ ಹಾಕಿದರು. ಮಸಿ ಹಿಡಿದ ಮರ ಅಟ್ಟದಲ್ಲಿ ಉಳಿಯಿತು. ಬಡಗಿಗಳು ನೆಲದ ಮೇಲೆ ಕಟ್ಟು ಜೋಡಿಸಿ ನೋಡಿ, ಪ್ರತಿ ತುಂಡಿಗೂ ಉಳಿಯಿಂದ ಅಂಕಿ ಕೊರೆದು, ಬಿಚ್ಚಿ, ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ಆ ಅಂಕಿಗಳ ಸರಣಿ ಎಲ್ಲಿ ತಪ್ಪಿದೆಯೋ ಅಲ್ಲಿ ಮನೆ ಬದಲಾಗಿದೆ ಅಂತ ಅರ್ಥ. ಮರದ ಉಂಗುರಗಳ ಅಗಲ ಅಳೆದು, ಹೋಲಿಸಿ ನೋಡಿ ಕಡಿದ ವರ್ಷವನ್ನೇ ಹೇಳುತ್ತಾರೆ. ಅಲ್ಲಿ ಸಾಮಾನ್ಯ ರೈತನ ಮನೆಗೂ ಇಷ್ಟು ಗಮನ ಸಿಕ್ಕಿದೆ. ನಮ್ಮ ಪೇಟೆಯ ಮನೆಗಳಿಗೂ ಇದು ಸಲ್ಲಬೇಕು ಅನ್ನುವುದು ನನ್ನ ಆಸೆ.

ಮಗ್ಗದ ಕಥೆ ಹೇಳದಿದ್ದರೆ ಈ ಮನೆ ಅರ್ಥ ಆಗುವುದಿಲ್ಲ. ಮೊದಲು ಗುಂಡಿ ಮಗ್ಗ ಇತ್ತು. ನೇಕಾರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ. ಅದಕ್ಕೆ ಎತ್ತರ ಬೇಕಿರಲಿಲ್ಲ. ಸೀರೆಯ ಅಂಚು, ಸೆರಗಿನ ಚಿತ್ತಾರ ನೇಯುವ ಜಕಾರ್ಡ್ ಯಂತ್ರ ಬಂದಾಗ ಸಮಸ್ಯೆ ಆಯಿತು. ಜಕಾರ್ಡ್ ಪೆಟ್ಟಿಗೆ ಮಗ್ಗದ ಮೇಲೆ ಕೂರುತ್ತದೆ, ಅಲ್ಲಿಂದ ದಾರಗಳು ಕೆಳಗೆ ಇಳಿಯುತ್ತವೆ. ಪಡಸಾಲೆಯಲ್ಲಿ ಅಷ್ಟು ಎತ್ತರ ಇರಲಿಲ್ಲ. ಮಾವನ ತಂದೆ ಅಟ್ಟದ ಹಲಗೆಗಳನ್ನು ಚೌಕವಾಗಿ ಕೊಯ್ಸಿದರು. ಅಡ್ಡ ಬಂದ ಎರಡು ಜಂತೆ ಕತ್ತರಿಸಬೇಕಾಯಿತು. ಆದರೆ ಕತ್ತರಿಸುವ ಮೊದಲು ಎರಡೂ ಕಡೆ ಅಡ್ಡಪಟ್ಟಿ ಹಾಕಿ, ಆ ಜಂತೆಗಳ ಭಾರವನ್ನು ಪಕ್ಕದ ಜಂತೆಗಳಿಗೆ ದಾಟಿಸಿದ್ದಾರೆ. ಒಂದು ಮರದ ತುದಿ ಕಿರಿದು ಮಾಡಿ ಇನ್ನೊಂದರ ಗೂಡಿಗೆ ಕೂರಿಸಿ ಗೂಟ ಹೊಡೆದಿದ್ದಾರೆ. ಒಂದು ಮೊಳೆಯೂ ಇಲ್ಲ. ಎಷ್ಟು ಚೆನ್ನಾಗಿದೆ ಅಂದರೆ, ನಾನು ಹೋದಾಗಲೆಲ್ಲ ಅದರಡಿ ನಿಂತು ನೋಡುತ್ತೇನೆ. ಮನೆಯ ಮೂಲ ರೂಪ ಕೆಡಿಸಿದ ಕೆಲಸ ಅದು, ಲೆಕ್ಕಕ್ಕೆ ಹಾಗೇ. ನನ್ನ ಕಣ್ಣಿಗೆ ಇಡೀ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

ಅದೇ ಮನೆಯಲ್ಲಿ ಇನ್ನೊಂದು ಬದಲಾವಣೆ ನಡೆಯಿತು. ಮಗ್ಗ ನಿಂತ ಮೇಲೆ ಮುಂದಿನ ಭಾಗವನ್ನು ಅಂಗಡಿಗೆ ಬಾಡಿಗೆ ಕೊಟ್ಟರು. ಅಗಲವಾದ ರೋಲಿಂಗ್ ಶಟರ್ ಬೇಕು ಅಂತ ಬಾಡಿಗೆಯವರು ಕೇಳಿದರು. ಒಬ್ಬ ಮೇಸ್ತ್ರಿ ಬಂದು ಜಗಲಿಯ ನಡುವಿನ ಕಂಬ ಕೊಯ್ದು ತೆಗೆದ. ಬೋದಿಗೆಯನ್ನೂ ತೆಗೆದ. ನೆಲಕ್ಕೆ ಸಿಮೆಂಟ್ ಹಾಕಿ ಸಮ ಮಾಡಿದ. ತೊಲೆ ದಾಟಬೇಕಾದ ದೂರ ಎರಡು ಪಟ್ಟಾಯಿತು. ಆಗಲೇ ಹೇಳಿದ ಎಂಟು ಪಟ್ಟಿನ ಲೆಕ್ಕ ಇಲ್ಲಿಗೆ ಬಂತು. ಸಾಲದ್ದಕ್ಕೆ ಆಮೇಲೆ ಮೇಲ್ಗಡೆ ಸಾವಿರ ಲೀಟರಿನ ನೀರಿನ ಟ್ಯಾಂಕು ಕೂರಿಸಿದರು. ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ತೂಕ, ಅದೂ ಹೆಚ್ಚು ಕಡಿಮೆ ತೊಲೆಯ ನಡುಮಧ್ಯಕ್ಕೆ.

ತೊಲೆ ಮುರಿಯಲಿಲ್ಲ. ಮರ ಹಾಗೆ ಒಮ್ಮೆಗೇ ಕೈಕೊಡುವುದಿಲ್ಲ, ನಿಧಾನವಾಗಿ ಬಾಗುತ್ತದೆ. ಮೊದಲು ಮೇಲಿನ ಕೋಣೆಯ ಬಾಗಿಲು ಸಿಕ್ಕಿಕೊಳ್ಳತೊಡಗಿತು. ಬಾಗಿಲಿನ ತಳ ತುರಿಸಿದರು. ಸೂರಿನ ಇಳಿಜಾರು ಬದಲಾಗಿ ಮಳೆನೀರು ಬೀದಿಯ ಬದಲು ಪಕ್ಕದ ಗೋಡೆಯ ಕಡೆ ಹರಿಯತೊಡಗಿತು. ಗೋಡೆ ಒದ್ದೆ ಆಯಿತು. ಒದ್ದೆ ಕಾಣಬಾರದು ಅಂತ ಸಿಮೆಂಟ್ ಗಾರೆ ಮೆತ್ತಿದರು. ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಇದ್ದಿದ್ದರೆ ತೇವ ಹೊರಗೆ ಆರುತ್ತಿತ್ತು. ಸಿಮೆಂಟ್ ಅದನ್ನು ಒಳಗೇ ಹಿಡಿದಿಟ್ಟಿತು. ಆ ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿ ಕೊಳೆಯಿತು. ಹೀಗೆ ಕಂಬ ತೆಗೆದ ಜಾಗದಿಂದ ಬಹಳ ದೂರದಲ್ಲಿ, ಬಹಳ ವರ್ಷದ ಮೇಲೆ, ರೋಗ ಕಾಣಿಸಿಕೊಂಡಿತು. ಅಲ್ಲಿಯವರೆಗೆ ಎಲ್ಲರೂ "ಹಳೇ ಮರ, ವಯಸ್ಸಾಯ್ತು" ಅಂತ ಮರದ ಮೇಲೇ ತಪ್ಪು ಹೊರಿಸುತ್ತಿದ್ದರು.

ಕೊನೆಗೆ ಮಾವ ಬಡಗಿ ಕೆಲಸದ ಒಬ್ಬ ಹಿರಿಯ ಆಚಾರರನ್ನು ಕರೆಸಿದರು. ಅವರು ಕೊಳೆತ ತುದಿಯನ್ನು ನೋಡಲೇ ಇಲ್ಲ. ಜಗಲಿಗೆ ಬಂದು ತೊಲೆಯ ಉದ್ದಕ್ಕೂ ನೂಲು ಕಟ್ಟಿದರು. ಆಮೇಲೆ ಮಾವನನ್ನು ಕೇಳಿದರು.

"ಯಜಮಾನ್ರೇ, ಇಲ್ಲೊಂದು ಕಂಬ ಇತ್ತಲ್ಲ, ಯಾರು ತೆಗೆಸಿದ್ದು?"

"ಶಟರ್ ಹಾಕೋಕೆ ಅಂತ ತೆಗೆದ್ರು ಆಚಾರ್ರೇ. ಆಗ ಏನೂ ಆಗಲ್ಲ ಅಂದಿದ್ರು."

"ಮೊದ್ಲು ಅದು ವಾಪಸ್ ಬರ್ಲಿ. ಆ ಮೂಲೆ ಕೊಳೆತಿರೋದನ್ನ ಆಮೇಲೆ ನೋಡೋಣ."

ಟ್ಯಾಂಕು ಇಳಿಸಿದರು. ನೆಲದ ಸಿಮೆಂಟ್ ಒಡೆದಾಗ ಅಡಿಯಲ್ಲಿ ಕಂಬದ ಕಲ್ಲು ಹಾಗೇ ಇತ್ತು, ನಡುವೆ ಚೌಕದ ಗುಳಿ ಸಮೇತ. ಮಾವ ಅದನ್ನು ಕೈಯಿಂದ ಒರೆಸಿದರು. ಆ ಹೊತ್ತಿಗೆ ನನಗೆ ಕಣ್ಣು ತುಂಬಿ ಬಂತು. ತೊಲೆಯ ಕೆಳಗೆ ಜಾಕಿ ಇಟ್ಟು ಎತ್ತುವ ಕೆಲಸ ಅವಸರದಲ್ಲಿ ಆಗುವಂಥದ್ದಲ್ಲ. ದಿನಕ್ಕೆ ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಭಾಗ. ವರ್ಷಗಟ್ಟಲೆ ಬಾಗಿದ ಮರವನ್ನು ಒಂದೇ ದಿನದಲ್ಲಿ ನೆಟ್ಟಗೆ ಮಾಡಲು ಹೋದರೆ ಸೀಳುತ್ತದೆ, ಮೇಲಿನ ಗೋಡೆಯೂ ಬಿರುಕು ಬಿಡುತ್ತದೆ. ಪೂರ್ತಿ ನೆಟ್ಟಗೆ ಆಗಲಿಲ್ಲ. ಆಚಾರರು ಒಂದು ಹಂತಕ್ಕೆ ನಿಲ್ಲಿಸಿ, ಉಳಿದ ಬಾಗಿಗೆ ತಕ್ಕ ಹಾಗೆ ಬೋದಿಗೆಯ ತಲೆ ಕೊರೆದರು. ಕೊಳೆತ ತುದಿಯಲ್ಲಿ ಗಟ್ಟಿ ಮರ ಸಿಗುವವರೆಗೆ ಕೊಯ್ದು, ಓರೆಯಾಗಿ ಹೊಸ ತೇಗ ಬೆಸೆದರು. ಹೊಸ ತುಂಡಿಗೆ ಹಳೆಯ ಬಣ್ಣ ಬಳಿಯೋಣ ಅಂತ ಮಾವನ ಮಗ ಹೇಳಿದ. ನಾನು ಬೇಡ ಅಂದೆ. ಮುಂದೆ ಯಾರಾದರೂ ನೋಡಿದರೆ ಇಲ್ಲಿ ರಿಪೇರಿ ಆಗಿದೆ ಅಂತ ತಿಳಿಯಬೇಕು. ಅಗಸೆ ಎಣ್ಣೆ ಮಾತ್ರ ಸವರಿದರು.

ಅಂಗಡಿಗೆ ಈಗ ಎರಡು ಸಣ್ಣ ಶಟರ್, ಕಂಬದ ಆಚೆ ಒಂದು, ಈಚೆ ಒಂದು. ಬಾಡಿಗೆಯವರು ಗೊಣಗಿದರು, ಆಮೇಲೆ ಒಪ್ಪಿಕೊಂಡರು. ಟ್ಯಾಂಕು ಹಿತ್ತಿಲಿನ ನೆಲದ ಮೇಲಿದೆ. ಸಿಮೆಂಟ್ ಗಾರೆಯನ್ನು ಕೆರೆದು ಸುಣ್ಣ ಹಚ್ಚುವ ಕೆಲಸ ಅರ್ಧ ಆಗಿದೆ, ಸುಣ್ಣದ ಗಾರೆ ಗೊತ್ತಿರುವ ಕೈ ಸಿಗುವುದೇ ಕಷ್ಟ ಆಗಿದೆ. ಅಟ್ಟದ ಚೌಕವನ್ನು ಹಲಗೆ ಹಾಕಿ ಮುಚ್ಚಬೇಕು, ಸಾಮಾನು ಇಡಲು ಜಾಗ ಆಗುತ್ತದೆ ಅಂತ ಮಾವನ ಮಗ ಹೇಳುತ್ತಾನೆ. ಮುಚ್ಚಲಿ. ಹಲಗೆ ಸುಮ್ನೆ ಮೇಲೆ ಕೂರಿಸಿದರೆ ಸಾಕು, ಅಡ್ಡಪಟ್ಟಿ ಮುಟ್ಟುವ ಅಗತ್ಯ ಇಲ್ಲ.

ಪೇಟೆಯಲ್ಲಿ ಬಹಳ ಮನೆಗಳು ಈ ಹಂತಕ್ಕೂ ಬರುವುದಿಲ್ಲ. ಇವತ್ತು ಇದ್ದದ್ದು ಮುಂದಿನ ಸಲ ಹೋಗುವಷ್ಟರಲ್ಲಿ ಇರುವುದಿಲ್ಲ. ಕಂಬಗಳು ಹಳೇ ಮರದ ಅಂಗಡಿಗೆ ಹೋಗುತ್ತವೆ, ಅಲ್ಲಿಂದ ರೆಸಾರ್ಟು, ಹೋಟೆಲು, ದೊಡ್ಡ ವಿಲ್ಲಾಗಳಿಗೆ. ಪಾಲಿಶ್ ಹೊಡೆಸಿಕೊಂಡು ಕಾಂಕ್ರೀಟ್ ಸೂರಿನ ಕೆಳಗೆ ನಿಲ್ಲುತ್ತವೆ. ಸೂರಿಗೂ ಅವಕ್ಕೂ ಸಂಬಂಧ ಇರುವುದಿಲ್ಲ. ಅದನ್ನು ನೋಡಿದರೆ ನನಗೆ ನೋವಾಗುತ್ತದೆ. ಕಂಬ ಉಳಿಯಿತಲ್ಲ ಅಂತ ಸಮಾಧಾನ ಹೇಳುತ್ತಾರೆ. ಕಂಬವನ್ನು ಓದಲು ಅದರ ಕಲ್ಲು, ಬೋದಿಗೆ, ತೊಲೆ ಎಲ್ಲ ಬೇಕು. ಒಂಟಿ ಕಂಬದಲ್ಲಿ ಉಳಿದದ್ದು ಕೆತ್ತನೆ ಮಾತ್ರ.

ನಿಮ್ಮದೇ ಅಂಥ ಮನೆ ಇದ್ದು, ಕೆಡವುವುದು ಅನಿವಾರ್ಯ ಆಗಿದ್ದರೆ, ಮರ ಕೊಳ್ಳುವವರನ್ನು ಕರೆಯುವ ಮೊದಲು ಒಂದು ಭಾನುವಾರ ಇದಕ್ಕೆ ಕೊಡಿ. ಮುಂಭಾಗದ ಫೋಟೋ ಎಲ್ಲರೂ ತೆಗೆದಿರುತ್ತಾರೆ. ನೀವು ಅಟ್ಟ ಹತ್ತಿ ಸೂರಿನ ಒಳಮೈ ತೆಗೆಯಿರಿ. ಕಂಬದಿಂದ ಕಂಬಕ್ಕೆ ಎಷ್ಟು ಅಡಿ, ಜಂತೆಯಿಂದ ಜಂತೆಗೆ ಎಷ್ಟು ಅಂಗುಲ ಅಂತ ಟೇಪು ಹಿಡಿದು ಬರೆದಿಡಿ. ಖಾಲಿ ಕಚ್ಚುಗಳನ್ನು, ಮಸಿಯನ್ನು, ಗರ್ಡರ್ ಮೇಲಿನ ಹೆಸರನ್ನು, ಹೆಂಚಿನ ಬೆನ್ನಿನ ಮುದ್ರೆಯನ್ನು ಬಿಡಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಯಾವ ಗೋಡೆ ಯಾರ ಮದುವೆಗೆ ಎದ್ದಿತು ಅಂತ ಕೇಳಿ, ನಕ್ಷೆಯ ಮೇಲೇ ಗುರುತು ಹಾಕಿ.